ಕಡಲನುಡಿಯಲ್ಲಿ ಇಲ್ಲದ ಮಾತು

ನಾಟಕ ಕಂಪನಿಯ ಹೊಲಿಗೆ ಕೋಣೆ ರಂಗದ ಹಿಂದೆ, ಮೆಟ್ಟಿಲಿನ ಕೆಳಗಿತ್ತು. ಎರಡು ಮೆಷಿನ್ನು, ಒಂದು ಇಸ್ತ್ರಿ ಮೇಜು, ಗೋಡೆಯುದ್ದಕ್ಕೂ ಅಂಟಿಸಿದ ಕಂದು ಕಾಗದ. ಕತ್ತಿನಿಂದ ಟೇಪು ಇಳಿಸಿದ್ದನ್ನು ಯಾರೂ ಕಾಣದ ಕಾರಣ ದರ್ಜಿಯನ್ನು ಎಲ್ಲರೂ ಟೇಪಕ್ಕ ಎನ್ನುತ್ತಿದ್ದರು. ಆ ಕಾಗದದ ಮೇಲೆ ಅಂಗಿ ಕೋಟುಗಳ ಗೆರೆಗಳ ಜೊತೆಗೆ ಅವಳೇ ಕಲ್ಪಿಸಿದ ಒಂದು ಭಾಷಾವಂಶವೂ ಇತ್ತು.

ಹನ್ನೊಂದು ವರ್ಷದಿಂದ ಅವಳು ಅದನ್ನು ಕಟ್ಟುತ್ತಿದ್ದಳು. ಯಾರೂ ಹೇಳಿಕೊಟ್ಟದ್ದಲ್ಲ. ಮೇಲೆ ತಾಯಿ ಭಾಷೆ; ಅದಕ್ಕೆ ಕಡಲನುಡಿ, ಗುಡ್ಡದ ನುಡಿ ಎಂಬ ಇಬ್ಬರು ಹೆಣ್ಣುಮಕ್ಕಳು. ಸಾವಿರ ವರ್ಷದಲ್ಲಿ ಯಾವ ಸದ್ದು ಎಲ್ಲಿ ಸವೆಯಿತು ಎಂಬುದಕ್ಕೂ ಕಟ್ಟುನಿಟ್ಟಾದ ನಿಯಮವಿತ್ತು. ತಾಯಿಯ ‘ಸೊರುಮ’, ಅಂದರೆ ನೀರು, ಕಡಲ ಕಡೆ ‘ಸೊರ್ಮ್’ ಆಗಿತ್ತು, ಗುಡ್ಡದ ಕಡೆ ‘ಹೊರುಮ’. ಒಂದು ಪದಕ್ಕೆ ಹಾಗಾದರೆ ಎಲ್ಲ ಪದಕ್ಕೂ ಹಾಗೇ ಆಗಬೇಕು. ಒಂದು ತೋಳು ಉದ್ದ, ಇನ್ನೊಂದು ಗಿಡ್ಡ ಬಿಡುವ ಹೆಂಗಸಲ್ಲ ಅವಳು. ನಮ್ಮ ಮನೆಯಲ್ಲಿ ಮಕ್ಕಳಿಬ್ಬರೇ, ಇವಳ ಗೋಡೆಯ ಮೇಲೆ ವಂಶವೇ ಬೆಳೆಯುತ್ತಿದೆ ಎಂದು ಗಂಡ ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದ.

ಈ ಸಲದ ನಾಟಕದಲ್ಲಿ ಚಿಕ್ಕಂದಿನಲ್ಲೇ ಬೇರೆಯಾದ ಅಕ್ಕ, ತಮ್ಮ ಮೂವತ್ತು ವರ್ಷದ ಮೇಲೆ ಎದುರಾಗುತ್ತಾರೆ. ಒಬ್ಬರ ಭಾಷೆ ಇನ್ನೊಬ್ಬರಿಗೆ ಅರ್ಧಂಬರ್ಧ ತಿಳಿಯಬೇಕು. ನಿರ್ದೇಶಕ ಗೋಡೆ ನೋಡಿದ, ಆ ಎರಡು ನುಡಿ ಕೇಳಿದ, ಅವಳು ಇಬ್ಬರ ಮಾತನ್ನೂ ಬರೆದುಕೊಟ್ಟಳು. ಮೂರು ವಾರ ತಾಲೀಮು ನಡೆಯಿತು. ಅಕ್ಕನ ಪಾತ್ರದ ಹಿರಿಯ ನಟಿ ಗುಡ್ಡದ ನುಡಿಯನ್ನು ಅರೆದು ಕುಡಿದಿದ್ದಳು. ಮುಗ್ಗರಿಸುತ್ತಿದ್ದವನು ತಮ್ಮನ ಪಾತ್ರದವನು, ಆರಡಿ ದಾಟಿದ ಆಳು, ಅಡ್ಡಹೆಸರು ಒಂಟೆ. ಪ್ಯಾಂಟಿನ ಅಳತೆಗೆ ಬಂದಾಗಲೆಲ್ಲ ಟೇಪಕ್ಕನ ಜೊತೆ ಕಡಲನುಡಿಯಲ್ಲೇ ಹರಟೆ ಹೊಡೆಯುತ್ತಿದ್ದ. ರಂಗ ಹತ್ತಿದರೆ ಬಾಯಿಗೆ ಬೀಗ.

ಪ್ರದರ್ಶನಕ್ಕೆ ನಾಲ್ಕು ದಿನ ಇರುವಾಗ ನಿರ್ದೇಶಕನ ತಾಳ್ಮೆ ತೀರಿತು.

“ನೋಡುವವರಿಗೆ ಹೇಗೂ ಅರ್ಥ ಆಗಲ್ಲ ಟೇಪಕ್ಕ. ಬಾಯಿಗೆ ಬಂದಿದ್ದು ಒದರಿದ್ರೂ ನಡೆಯುತ್ತೆ.”

“ನೋಡುವವರಿಗೆ ಒಳಹೊಲಿಗೆನೂ ಕಾಣಲ್ಲ,” ಎಂದಳು ಅವಳು. “ಬಿಟ್ಬಿಡ್ಲಾ?”

ಅವನು ಒಂದು ಅವಕಾಶ ಕೊಟ್ಟ. ಮಧ್ಯಾಹ್ನದ ತಾಲೀಮಿನಲ್ಲಿ ಒಂಟೆ ಒಂದು ಮಾತು ಮರೆತರೂ ಸಾಕು, ಭಾಷೆಗಳೆರಡೂ ಹೊರಗೆ.

ಟೇಪಕ್ಕ ರಂಗದ ಪಕ್ಕದ ಪರದೆಯ ಮರೆಯಲ್ಲಿ ನಿಂತಳು. ತುಟಿಯ ನಡುವೆ ಕಚ್ಚಿದ್ದ ಗುಂಡುಸೂಜಿ ತೆಗೆಯುವುದೂ ನೆನಪಾಗಲಿಲ್ಲ. ಒಂಟೆ ಮೊದಲ ಆರು ಮಾತು ಸಲೀಸಾಗಿ ಆಡಿದ. ಏಳನೆಯದು ‘ಈ ದೋಣಿ ಯಾರದು’ ಎಂದಾಗಬೇಕಿತ್ತು. ಅದು ಅವನ ನೆನಪಿಗೆ ಬರಲಿಲ್ಲ. ಕಣ್ಣು ನೇರ ಟೇಪಕ್ಕನ ಕಡೆ ಹೊರಳಿತು. ಆಮೇಲೆ ಬಾಯಿ ತೆರೆದು ಐದಾರು ಪದ ಆಡಿದ. ನಟಿ ಒಂದು ಹೆಜ್ಜೆ ಮುಂದೆ ಬಂದು, ಅವನ ಗಲ್ಲ ಹಿಡಿದು ತನ್ನತ್ತ ತಿರುಗಿಸಿ, ಗುಡ್ಡದ ನುಡಿಯಲ್ಲಿ ಉತ್ತರ ಕೊಟ್ಟಳು. ದೃಶ್ಯ ಮುಂದೆ ಸಾಗಿತು.

ತಪ್ಪೆಲ್ಲಿ ಎಂದು ಟೇಪಕ್ಕ ಹುಡುಕಿದಳು. ಅವನು ಹೇಳಿದ್ದು, ‘ಮಾತು ಕೈಯಿಂದ ಸೊರ್ಮ್ ಆಗಿ ಹೋಯಿತು, ಅಕ್ಕ’. ನಟಿ ಅಂದದ್ದು, ‘ಚೆಲ್ಲಿದ್ದು ಹೊರುಮ ತಾನೇ, ಇನ್ನೊಂದು ಬೊಗಸೆ ತುಂಬಿಕೋ’. ಎಲ್ಲೂ ಹೊಲಿಗೆ ಬಿಟ್ಟಿರಲಿಲ್ಲ. ಇವೆರಡನ್ನೂ ಅವಳು ಬರೆದಿರಲಿಲ್ಲ. ಹನ್ನೊಂದು ವರ್ಷದಲ್ಲಿ ಮರೆವಿಗೊಂದು ಪದ ಬೇಕೆಂದೂ ಅವಳಿಗೆ ಹೊಳೆದಿರಲಿಲ್ಲ. ಸೂಜಿಯನ್ನು ತೆಗೆದು ಕಾಲರಿಗೆ ಚುಚ್ಚಿಕೊಂಡಳು. ಬೆನ್ನು ತಾನಾಗಿಯೇ ನೆಟ್ಟಗಾಯಿತು.

ನಿರ್ದೇಶಕ ಕುರ್ಚಿಯಿಂದ ಎದ್ದು ಬಂದ. ಎಲ್ಲೂ ನಿಲ್ಲಲಿಲ್ಲವಲ್ಲ ಎಂದ. ಅವನು ಸೊರ್ಮ್ ಅಂದ, ಅವಳು ಹೊರುಮ ಅಂದಳು, ಅದು ಒಂದೇ ಎಂದು ತನಗೂ ತಿಳಿದುಹೋಯಿತು ಎಂದ. ಆ ಮಾತು ಯಾವ ಪುಟದ್ದು ಎಂದು ಹಾಳೆ ತಿರುವತೊಡಗಿದ.

ಒಂಟೆ ತಲೆ ತಗ್ಗಿಸಿದ. ಟೇಪಕ್ಕ ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು.

“ಯಾವ ಪುಟದಲ್ಲೂ ಇಲ್ಲ,” ಎಂದಳು. “ಇವನು ಮರೆತ. ನಿಮ್ಮ ಲೆಕ್ಕದಲ್ಲಿ ನಾನು ಸೋತೆ.”

“ಮತ್ತೆ ಅದನ್ನ ಬರೆದೋರು ಯಾರು?”

“ಯಾರೂ ಬರೀಲಿಲ್ಲ. ಇವನು ಮಾತಾಡಿದ, ಅವರು ಉತ್ತರ ಕೊಟ್ರು.”

ನಿರ್ದೇಶಕ ಒಂಟೆಯನ್ನು ನೋಡಿದ, ನಟಿಯನ್ನು ನೋಡಿದ. ತಿರುವುತ್ತಿದ್ದ ಹಾಳೆಗಳನ್ನು ಮಡಚಿದ. ದೋಣಿಯ ಮಾತು ಹೋಗಲಿ, ಇದೇ ಇರಲಿ, ಎರಡೂ ಮಾತನ್ನು ಬರೆದುಕೊಡು ಎಂದು ಟೇಪಕ್ಕನಿಗೆ ಪೆನ್ನು ಚಾಚಿದ.

ಅವಳು ಪೆನ್ನು ಮುಟ್ಟಲಿಲ್ಲ.

“ಅವರನ್ನ ಕೇಳಿ. ಮಾತು ಅವರದು.”

ಒಂಟೆ ಬರೆಯಲು ರಂಗದ ಅಂಚಿನಲ್ಲಿ ಕೂತ. ಕೂತಾಗ ಪ್ಯಾಂಟು ಮೇಲೆ ಸರಿದು ಕಣಕಾಲು ಕಂಡಿತು, ಇನ್ನೂ ಎರಡು ಬೆರಳು ಗಿಡ್ಡ. ಟೇಪಕ್ಕ ಮಂಡಿಯೂರಿ ಅಂಚು ಬಿಚ್ಚತೊಡಗಿದಳು. ಮೇಲಿನಿಂದ ಅವನು ಕಡಲನುಡಿಯಲ್ಲಿ ಏನೋ ಕೇಳಿದ. ಅವಳು ತಲೆ ಎತ್ತದೆ, ಕಡಲನುಡಿಯಲ್ಲೇ, ಅಲುಗಾಡಬೇಡ ಎಂದಳು.