ಮುಚ್ಚಳದ ಮೇಲೆ ನಳಿಗೆ

ಅಣ್ಣನ ಹೆಬ್ಬೆರಳು ಮೇಜಿನ ಅಂಚನ್ನು ಉಜ್ಜುತ್ತಲೇ ಇದೆ, ಒಂದೇ ಜಾಗ, ಅಲ್ಲಿ ಬಣ್ಣ ಎದ್ದಿದೆ, ಅದನ್ನೇ ಯಾಕೆ ನೋಡುತ್ತಿದ್ದೇನೆ, ಪರದೆ ನೋಡಬೇಕು, ಪರದೆಯಲ್ಲಿ, ನಾನು ಬರೆದ ಆಟದಲ್ಲಿ, ಅವನ ಟ್ಯಾಂಕು ಒಣ ಕಾಲುವೆ ದಾಟುತ್ತಿದೆ, ಇನ್ನೆರಡು ನಿಮಿಷಕ್ಕೆ ಏಟು ಬೀಳುತ್ತದೆ, ಬಿದ್ದೊಡನೆ ಅವನಿಗೆ ಗೊತ್ತಾಗಿಬಿಡುತ್ತದೆ. ಬೆಳಿಗ್ಗೆ ಅಳಿಸಿದೆ, ಹತ್ತೊಂಬತ್ತು ಸಾಲು ಕೋಡ್, ಅಳಿಸಲು ಒಂದು ಕ್ಷಣವೂ ಬೇಕಾಗಲಿಲ್ಲ. ಬಾಗಿಲಲ್ಲೇ ಹೇಳಬೇಕಿತ್ತು ಇವನಿಗೆ, ಟೀ ಕೊಟ್ಟು ಕೂರಿಸಿದೆ. ಬಾಸ್ ನಮ್ಮ ಹಿಂದೆಯೇ ನಿಂತಿದ್ದಾರೆ, ಜೇಬಿನಲ್ಲಿ ಚಿಲ್ಲರೆ ಕುಲುಕುತ್ತ. ಅವರಿಗೆ ಬೇಕಾದದ್ದು ಅಣ್ಣನ ಒಂದು ಮಾತು, ಆಟದ ಡಬ್ಬದ ಮೇಲೆ ಅಚ್ಚು ಹಾಕಲು, ನಿಜವಾದ ಟ್ಯಾಂಕಿನಲ್ಲಿ ಕೂತು ಬಂದವರೇ ಮೆಚ್ಚಿದ ಆಟ. ಅಣ್ಣ ಇದು ಸುಳ್ಳು ಎಂದು ಎದ್ದು ಹೋದರೆ ಹೋಗಲಿ, ಆಟ ಹೇಗೂ ಮಾರಾಟವಾಗುತ್ತದೆ, ಆದರೆ ಆಮೇಲೆ ನನ್ನ ಮುಖ ನೋಡುತ್ತಾನೆಯೇ ಅವನು.

ಆ ಸಾಲುಗಳು ಅವನು ಕೊಟ್ಟದ್ದೇ ಅಲ್ಲವೇ — ಹೋದ ವರ್ಷ, ನಮ್ಮ ಅಡುಗೆಮನೆ, ಬೆಂಕಿಪೊಟ್ಟಣದ ಮೇಲೆ ಚಮಚ ಇಟ್ಟು, ನೋಡು ಪುಟ್ಟಿ, ಒಳಗೆ ಮೂರು ಜನ, ಡ್ರೈವರ್ ಕೂರೋದು ಇಲ್ಲಿ, ಮುಂದೆ, ಅವನ ತಲೆ ಮೇಲೊಂದು ಮುಚ್ಚಳ, ಫಿರಂಗಿ ನಳಿಗೆ ಅದರ ಮೇಲೇ ಬಂದು ನಿಂತ್ರೆ ಮುಚ್ಚಳ ತೆರೆಯಲ್ಲ, ಗನ್ನರ್ ನಳಿಗೇನ ಪಕ್ಕಕ್ಕೆ ತಿರುಗಿಸಿ ಆಮೇಲೆ ಇಳೀಬೇಕು. ಚಮಚ ಸರಿಸಿ ತೋರಿಸಿದ್ದ. ಎಷ್ಟು ಹೊತ್ತು ಬೇಕಣ್ಣ ಅದಕ್ಕೆ, ಪೆನ್ನು ಹಿಡಿದು ಕೇಳಿದ್ದೆ. ಏಳೆಂಟು ಸೆಕೆಂಡು. ಬರೆದುಕೊಂಡೆ. ಹಾಗೇ ಆಟಕ್ಕೆ ಹಾಕಿದೆ: ಬೆಂಕಿ ಹತ್ತಿದಾಗ ಕೀ ಒತ್ತಿ ಹಿಡಿದು ನಳಿಗೆ ತಿರುಗಿಸಬೇಕು, ಇಲ್ಲದಿದ್ದರೆ ಹೊರಬರುವವರು ಇಬ್ಬರೇ. ಆಡಿ ನೋಡಿದವರೆಲ್ಲ ಬೈದರು, ಅರ್ಧಕ್ಕರ್ಧ ಜನ ಅಲ್ಲೇ ಬಿಟ್ಟೆದ್ದರು. ಜನ ಕೆಲಸ ಮುಗಿಸ್ಕೊಂಡು ಬಂದು ಆಡೋದಮ್ಮ, ಸೈನ್ಯಕ್ಕೆ ಸೇರೋಕಲ್ಲ, ಟ್ಯಾಂಕಲ್ಲಿ ಹದಿನೈದು ಗಂಟೆ ಸುಮ್ನೆ ಬೆವರ್ತಾ ಕೂರೋದೂ ನಿಜಾನೇ, ಅದನ್ನೂ ಹಾಕ್ತೀಯಾ — ಬಾಸ್ ಹೇಳಿದ್ದರಲ್ಲಿ ತಪ್ಪೇನಿತ್ತು, ಆದರೂ ಮೂರು ತಿಂಗಳು ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದೆ, ಅಣ್ಣನ ನಿಜವನ್ನು ಕಾಯುತ್ತಿದ್ದೇನೆಂಬ ಜಂಬ ಬೇರೆ, ಇವತ್ತು ಬೆಳಿಗ್ಗೆ ಸಾಕಾಯಿತು.

ಏಟು. ಕಿತ್ತಳೆ ಬೆಂಕಿ, ಹೊಗೆ, ನಳಿಗೆ ನೇರ ಮುಂದಕ್ಕೆ, ಸರಿಯಾಗಿ ಮುಚ್ಚಳದ ಮೇಲೆ. ಅಣ್ಣನ ಬೆರಳು ನಳಿಗೆ ತಿರುಗಿಸುವ ಕೀ ಮೇಲೆ ಬಿತ್ತು, ಯಾವುದೆಂದು ನಾನೇ ಫೋನಿನಲ್ಲಿ ಹೇಳಿದ್ದೆ, ಈಗ ಅದಕ್ಕೆ ಕೆಲಸವಿಲ್ಲ, ಅವನು ಒತ್ತಿ ಹಿಡಿದೇ ಇದ್ದಾನೆ, ತುಟಿ ಅಲುಗುತ್ತಿದೆ, ಎಣಿಸುತ್ತಿದ್ದಾನೆ, ಐದು, ಆರು, ಉಗುರು ಬೆಳ್ಳಗಾಗಿದೆ. ಗನ್ನರ್ ತಿರುಗಿಸಿ ಆಮೇಲೆ ಇಳೀಬೇಕು. ಗನ್ನರ್ ಇವನೇ ಅಲ್ಲವೇ, ನನ್ನ ಮಗ ಗನ್ನರ್ ಎಂದು ಅಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು, ಮನೆಯ ಗೋಡೆಯ ಪಟದಲ್ಲಿ ಟ್ಯಾಂಕಿನ ಮುಂದೆ ಮೂವರಿದ್ದಾರೆ, ಯುದ್ಧ ಮುಗಿದ ಮೇಲೆ ಇವನ ಜೊತೆ ಮನೆಗೆ ಬಂದವನು ಕಮಾಂಡರ್ ಒಬ್ಬನೇ, ಡ್ರೈವರ್ ಎಲ್ಲಿ ಎಂದದ್ದಕ್ಕೆ ತೀರಿಕೊಂಡ ಎಂದಷ್ಟೇ ಹೇಳಿ ಅಣ್ಣ ಊಟದ ನಡುವೆ ಕೈ ತೊಳೆಯಲು ಎದ್ದಿದ್ದ. ಅಯ್ಯೋ ದೇವರೇ, ಇವನ ಮುಂದೆ ಪೆನ್ನು ಹಿಡಿದು ಎಷ್ಟು ಹೊತ್ತು ಬೇಕಣ್ಣ ಎಂದು ಕೇಳಿದೆನಲ್ಲ.

ಬೆರಳು ತೆಗೆದ, ಇಳಿಯುವ ಕೀ ಒತ್ತಿದ. ಒಬ್ಬ ಇಳಿದ, ಇನ್ನೊಬ್ಬ, ಆಮೇಲೆ ಮೂರನೆಯವನು — ಮುಚ್ಚಳ ತೆರೆಯಲೇ ಇಲ್ಲ, ನಳಿಗೆಯ ಕಬ್ಬಿಣದೊಳಗಿಂದಲೇ ಅವನ ತಲೆ, ಭುಜ, ಸೊಂಟ, ನೆಲಕ್ಕೆ ಹಾರಿ ಓಡಿದ. ಸಾಲು ಅಳಿಸಿದರೂ ಪರದೆಯ ಮೇಲೆ ನಳಿಗೆ ಅಲ್ಲೇ ಅಡ್ಡ ಉಳಿಯುತ್ತದೆಂದು ಬೆಳಿಗ್ಗೆ ನನಗೆ ಹೊಳೆಯಲೇ ಇಲ್ಲ. ಬಾಸ್ ಚಿಲ್ಲರೆ ಕುಲುಕುವುದನ್ನು ನಿಲ್ಲಿಸಿದರು. ತಪ್ಪಾಗಿದೆಯಣ್ಣ, ಸಂಜೆಯೊಳಗೆ ಸರಿಮಾಡ್ತೀನಿ, ನಳಿಗೇನ ಮತ್ತೆ — ಎನ್ನುತ್ತಲೇ ಕೀಬೋರ್ಡಿನತ್ತ ಕೈ ಚಾಚಿದೆ. ಅಣ್ಣ ಈ ಕಡೆ ತಿರುಗಲಿಲ್ಲ. ಸರಿಮಾಡಬೇಡ ಪುಟ್ಟಿ. ಇನ್ನೊಂದ್ಸಲ ಹಾಕು. ಹಾಕಿದೆ. ಡಬ್ಬದ ಮೇಲೆ ಏನ್ ಬೇಕಾದ್ರೂ ಬರ್ಕೊಳ್ಳಿ ಸಾರ್, ಎಂದ ಬಾಸಿಗೆ, ಪರದೆಯಿಂದ ಕಣ್ಣು ಕೀಳದೆ, ಇನ್ನೊಂದ್ಸಲ, ಹಾಕುತ್ತಿದ್ದೇನೆ, ಏಟು, ಹೊಗೆ, ಒಬ್ಬ, ಇನ್ನೊಬ್ಬ, ಕಬ್ಬಿಣದೊಳಗಿಂದ ತಲೆ, ಭುಜ, ಇನ್ನೊಂದ್ಸಲ, ಕಬ್ಬಿಣದೊಳಗಿಂದ ತಲೆ, ಭುಜ —