ಭಾನುವಾರ ಸಂಜೆಯ ಫೋನು

ನಮ್ಮ ಕಡೆ ಬೇಸಿಗೆ ಮುಗಿಯುವುದೇ ಈಸ್ಟರ್ ಹೊತ್ತಿಗೆ. ಹಬ್ಬ ಕಳೆದು ಬಿಸಿಲಿನ ಕಾವು ಸ್ವಲ್ಪ ಇಳಿಯಿತೆಂದರೆ ನಮ್ಮ ಊರಿನ ಪೆಟ್ರೋಲ್ ಬಂಕಿನ ಮುಂದೆ ಗಾಡಿಗಳು ಸಾಲುಗಟ್ಟುತ್ತವೆ. ಎಲ್ಲವೂ ಉತ್ತರದ ಮರಳುಗಾಡಿಗೆ ಹೊರಟಂಥವು. ಮೇಲೆ ನೀರಿನ ಕ್ಯಾನು, ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆಯಂಥ ಕ್ಯಾರವಾನು, ಕಿಟಕಿಯಲ್ಲಿ ನಾಯಿಯ ಮೂತಿ. "ಯಾವಾಗ ವಾಪಸ್ಸು?" ಎಂದು ಕೇಳಿದರೆ "ಬಂದಾಗ ಬರ್ತೀವಿ" ಎಂದು ನಗುತ್ತಾರೆ. ನಾವೂ ನಕ್ಕು ಕೈ ಬೀಸುತ್ತೇವೆ.

ನೆವಿಲ್ ಮತ್ತು ಲೋರ್ನಾ ಹಾಗಿರಲಿಲ್ಲ. ಹೇಳಿ ಹೋಗುವವರು. ನೆವಿಲ್ ಬಹಳ ವರ್ಷ ಶಾಲೆಯ ಬಸ್ಸು ಓಡಿಸಿದವನು. ಲೋರ್ನಾ ಅಂಚೆ ಕಚೇರಿಯಲ್ಲಿದ್ದವಳು. ಇಬ್ಬರೂ ನಿವೃತ್ತರಾದ ಮೇಲೆ ಪ್ರತಿ ವರ್ಷವೂ ಮರಳುಗಾಡಿನ ಒಳಗೆ ಹೋಗಿ ಡೇರೆ ಹಾಕಿ ಬರುತ್ತಿದ್ದರು. ಹೋಗುವ ಮುಂಚೆ ಪಕ್ಕದ ಮನೆಯ ಮೇವಿಸ್‌ಗೆ ದಾರಿ ಹೇಳಿ, ಬರುವ ಹೊತ್ತು ಹೇಳಿ ಹೋಗುತ್ತಿದ್ದರು. ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದರು. ಆದರೂ ಆಗಬಾರದ್ದು ಆಯಿತು. ಅದಕ್ಕೇ ಇದನ್ನು ಹೇಳಬೇಕಾಗಿದೆ. ಯಾರ ಮೇಲೂ ತಪ್ಪು ಹೊರಿಸುವುದಕ್ಕಲ್ಲ.

ಹೋದ ವರ್ಷ ಹೊರಡುವ ದಿನ ಲೋರ್ನಾ ಬೇಲಿಯ ಬಳಿ ನಿಂತು ಮೇವಿಸ್‌ಗೆ ಹೇಳಿದಳು:

"ಈ ಸಲ ಹಳೇ ಬಾವಿ ದಾರಿ ಹಿಡೀತೀವಿ ಮೇವಿಸ್. ಕ್ಯಾರವಾನನ್ನ ರಸ್ತೆ ಕೊನೆಯ ಹೋಟೆಲ್ ಹತ್ರ ಬಿಟ್ಟು, ಎರಡು ರಾತ್ರಿ ಒಳಗಡೆ. ಭಾನುವಾರ ಕತ್ತಲಾಗೋದರೊಳಗೆ ಹೋಟೆಲಿಗೆ ವಾಪಸ್ ಬಂದು ನಿಂಗೆ ಫೋನ್ ಮಾಡ್ತೀವಿ."

"ಮಾಡದೇ ಇದ್ರೆ?"

ಗಾಡಿಯ ಮೇಲೆ ಹಗ್ಗ ಬಿಗಿಯುತ್ತಿದ್ದ ನೆವಿಲ್ ಅಲ್ಲಿಂದಲೇ ಕೂಗಿದ. "ಮಾಡದೇ ಇದ್ರೆ ನೀನು ಸೈರನ್ ಊದ್ತೀಯಲ್ಲ ಮಾರಾಯ್ತಿ, ಇನ್ನೇನು!"

ಮೇವಿಸ್ ನಕ್ಕಳು. ಆದರೆ ಅವಳ ಕಿವಿ ಕೆಂಪಾಯಿತು.

ಮೇವಿಸ್‌ಗೆ ಸೈರನ್ ಎಂಬ ಹೆಸರು ಬಂದದ್ದು ಅದಕ್ಕೂ ಹಿಂದಿನ ವರ್ಷ. ಆಗಲೂ ಭಾನುವಾರ ಸಂಜೆಯೇ ಫೋನ್ ಮಾಡುವ ಮಾತಾಗಿತ್ತು. ನೆವಿಲ್ ಹೊತ್ತಿಗೆ ಸರಿಯಾಗಿ ಹೋಟೆಲಿಗೆ ಬಂದಿದ್ದ. ಅಲ್ಲಿ ಹಳೆಯ ಗೆಳೆಯರು ಸಿಕ್ಕರು, ಬಿಯರ್ ಬಂತು, ಫೋನು ಮರೆತೇ ಹೋಯಿತು. ಇತ್ತ ಕತ್ತಲಾದ ಕೂಡಲೇ ಮೇವಿಸ್ ಪೊಲೀಸರಿಗೆ ಫೋನ್ ಮಾಡಿದಳು. ಅವರು ಮೊದಲು ಹೋಟೆಲಿಗೆ ವಿಚಾರಿಸಿದರು, ನೆವಿಲ್ ಅಲ್ಲೇ ಇದ್ದ, ಅಲ್ಲಿಗೆ ಮುಗಿಯಿತು. ಯಾರಿಗೂ ಏನೂ ನಷ್ಟವಾಗಲಿಲ್ಲ. ಆದರೆ ಊರಿಗೆ ಬಂದ ಮೇಲೆ ನೆವಿಲ್, ಊರವರು ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ಬೌಲ್ಸ್ ಕ್ಲಬ್ಬಿನಲ್ಲಿ, ಎಲ್ಲರ ಮುಂದೆ ಮೇವಿಸ್‌ಗೆ ಒಂದು ಸೀಟಿ ಕೊಟ್ಟ. ಅದಕ್ಕೆ ಕೆಂಪು ರಿಬ್ಬನ್ ಬೇರೆ ಕಟ್ಟಿದ್ದ. "ನಮ್ಮೂರ ಸೈರನ್‌ಗೆ ಒಂದು ಜೈ!" ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೇವಿಸ್ ಅದನ್ನು ಕತ್ತಿಗೆ ಹಾಕಿಕೊಂಡು ಒಂದು ಸಲ ಊದಿಯೂ ಊದಿದಳು. ಮನೆಗೆ ಬಂದು ಅಡುಗೆಮನೆಯ ಡ್ರಾಯರಿನಲ್ಲಿ ಚಾಕುಗಳ ಹಿಂದೆ ತಳ್ಳಿಬಿಟ್ಟಳು.

ನೆವಿಲ್ ಕೆಟ್ಟವನಲ್ಲ. ಮೇವಿಸ್‌ಳ ಕೋಳಿಗೂಡಿನ ತಗಡು ಹಾರಿಹೋದಾಗ ಮಳೆಯಲ್ಲೇ ಏಣಿ ಹತ್ತಿ ಹೊಡೆದುಕೊಟ್ಟವನು ಅವನೇ. ನಮ್ಮಲ್ಲಿ ಇಷ್ಟವಿದ್ದವರನ್ನೇ ಹೆಚ್ಚು ಗೇಲಿ ಮಾಡುತ್ತಾರೆ. ನಿಮಗೂ ಗೊತ್ತಿರುವುದೇ.

ಹೋದ ವರ್ಷದ ಆ ಭಾನುವಾರ ಮಧ್ಯಾಹ್ನ ಗಾಡಿ ಮರಳ ದಿಬ್ಬದ ಬುಡದಲ್ಲಿ ಹೂತಿತು. ನೆವಿಲ್‌ಗೆ ಅದು ಹೊಸದೇನಲ್ಲ. ಟಯರಿನ ಗಾಳಿ ಇಳಿಸಿದ, ಜಾಕಿನ ಕೆಳಗೆ ಹಲಗೆ ಇಟ್ಟ, ಗಾಡಿಯನ್ನು ಎತ್ತಿದ, ಚಕ್ರದಡಿಯ ಮರಳು ತೆಗೆಯಲು ಅಡ್ಡ ಮಲಗಿ ಕೈ ಹಾಕಿದ. ಹಲಗೆ ಒಂದು ಕಡೆಗೆ ಕುಸಿಯಿತು. ಜಾಕು ಜಾರಿತು. ಗಾಡಿ ಅವನ ತೊಡೆಯ ಮೇಲೆ ಕೂತಿತು.

ಲೋರ್ನಾ ಸಲಿಕೆಯಿಂದಲೂ ಕೈಯಿಂದಲೂ ಮರಳು ತೋಡಿ ಅವನನ್ನು ಹೊರಗೆಳೆಯುವಷ್ಟರಲ್ಲಿ ನೆರಳು ಉದ್ದವಾಗಿತ್ತು. ಆಮೇಲೆ ಅವಳು ಕೇಳಿದಳು, "ಬೀಕನ್ ಎಲ್ಲಿಟ್ಟಿದ್ದೀಯ ನೆವ್?"

ಮೊಬೈಲ್ ಸಿಗ್ನಲ್ ಇಲ್ಲದ ಆ ಮರಳಿನಲ್ಲೂ ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ರಕ್ಷಣೆಯವರಿಗೆ ಸುದ್ದಿ ಮುಟ್ಟಿಸುವ ಅಂಗೈಯಗಲದ ಯಂತ್ರ ಅದು.

"ನೀನು ತಗೊಂಡಿಲ್ವಾ?"

"ನೀನು ತಗೊಂಡಿದ್ದೀಯ ಅಂದ್ಕೊಂಡೆ."

ಹೋಟೆಲಿನ ಹಿಂದೆ ನಿಲ್ಲಿಸಿದ್ದ ಕ್ಯಾರವಾನಿನ ಬಾಗಿಲ ಕೊಕ್ಕೆಗೆ ಬೀಕನ್ ನೇತಾಡುತ್ತಿತ್ತು.

ಲೋರ್ನಾ ಅಳತೊಡಗಿದಾಗ ನೆವಿಲ್ ಅವಳ ಕೈ ಹಿಡಿದ. "ಅಳ್ಬೇಡ. ನೀರಿದೆ, ಊಟ ಇದೆ. ಇಷ್ಟೊತ್ತಿಗೆ ಮೇವಿಸ್ ಪೊಲೀಸರ ಕಿವಿ ಕಿತ್ತು ಹಾಕ್ತಿರ್ತಾಳೆ. ಅವಳು ಬಿಡೋಳಲ್ಲ. ಬೆಳಗಾಗ್ತಿದ್ದ ಹಾಗೆ ವಿಮಾನ ಬರತ್ತೆ ನೋಡು. ಮುಖ ತೊಳ್ಕೊಂಡು ರೆಡಿಯಾಗಿರು."

ಅದೇ ಸಂಜೆ ಇಲ್ಲಿ ಮೇವಿಸ್ ಫೋನಿನ ಮುಂದೆ ನಿಂತಿದ್ದಳು. ಕತ್ತಲಾಯಿತು. ಫೋನು ಸದ್ದು ಮಾಡಲಿಲ್ಲ. ಅವಳು ಫೋನೆತ್ತಿಕೊಂಡಳು, ಇಟ್ಟಳು, ಮತ್ತೆ ಎತ್ತಿಕೊಂಡಳು. ಕೊನೆಗೆ ಪೊಲೀಸರಿಗೆ ಮಾಡುವ ಬದಲು ಪಟ್ಟಣದಲ್ಲಿದ್ದ ನೆವಿಲ್‌ನ ಮಗ ಗ್ರಾಂಟ್‌ಗೆ ಮಾಡಿದಳು.

"ಗ್ರಾಂಟ್, ಅಪ್ಪ ಅಮ್ಮ ಇನ್ನೂ ಫೋನ್ ಮಾಡಿಲ್ಲಪ್ಪ. ಪೊಲೀಸರಿಗೆ ಹೇಳ್ಲಾ?"

ಆ ಕಡೆಯಿಂದ ನಗು ಕೇಳಿಸಿತು. "ಆಂಟಿ, ನಮ್ಮಪ್ಪಂದು ನಿಮಗೆ ಗೊತ್ತಿಲ್ವಾ? ಯಾವನೋ ಗೆಳೆಯ ಸಿಕ್ಕಿರ್ತಾನೆ, ಕೂತಿರ್ತಾರೆ. ಮತ್ತೆ ಸೈರನ್ ಊದ್ಬಿಡ್ಬೇಡಿ! ಕ್ಲಬ್ಬಲ್ಲಿ ಈ ಸಲ ಡೋಲು ತಂದ್ಕೊಟ್ಟಾರು."

ಮೇವಿಸ್ ತಾನೂ ನಕ್ಕು ಫೋನ್ ಇಟ್ಟಳು.

ಸೋಮವಾರ ಬೆಳಿಗ್ಗೆ ಲೋರ್ನಾ ದಿಬ್ಬದ ಮೇಲೆ ನೀಲಿ ಟಾರ್ಪಾಲು ಹಾಸಿ ನಾಲ್ಕು ಮೂಲೆಗೂ ಮರಳು ಸುರಿದಳು. ವಿಮಾನ ಕಂಡರೆ ಬಿಸಿಲು ಮಿಂಚಿಸಲೆಂದು ಗಾಡಿಯ ಕನ್ನಡಿ ಬಿಚ್ಚಿ ಕೈಯಲ್ಲಿ ಹಿಡಿದಳು. ನೆವಿಲ್ ಗಾಡಿಯ ನೆರಳಿನಲ್ಲಿ ಮಲಗಿ ಕಿವಿಗೊಟ್ಟಿದ್ದ.

"ಬಂತಾ?"

"ಇಲ್ಲ ನೆವ್. ಗಾಳಿ."

ಸ್ವಲ್ಪ ಹೊತ್ತಾದ ಮೇಲೆ ಮತ್ತೆ, "ಈಗ?"

"ಗಾಳೀನೇ."

ಮಧ್ಯಾಹ್ನದ ಮೇಲೆ ಅವನ ಮಾತು ಕಡಿಮೆಯಾಯಿತು. ಮೈ ತಣ್ಣಗಾಗತೊಡಗಿತ್ತು. ಒಂದು ಸಲ ಕಣ್ಣು ತೆರೆದು ಕೇಳಿದ, "ಲೋರ್ನಾ, ಆ ಸೀಟಿ ವಿಷಯ... ಅವಳಿಗೆ ಬೇಜಾರಾಗಿತ್ತಾ?"

"ಇಲ್ಲಪ್ಪ. ಅವಳೂ ನಕ್ಕಳಲ್ಲ."

"ನಕ್ಕಳು," ಎಂದ ನೆವಿಲ್. ತುಸು ಹೊತ್ತು ಆಕಾಶ ನೋಡಿದ. "ನಕ್ಕಿದ್ದು ಹೌದು."

ಸೂರ್ಯ ದಿಬ್ಬಕ್ಕೆ ತಾಗುವ ಹೊತ್ತಿಗೆ ಅವನು ಹೋಗಿಬಿಟ್ಟ.

ಅಂದೇ ಮೇವಿಸ್ ಹೋಟೆಲಿಗೂ ಫೋನ್ ಮಾಡಿದ್ದಳು. ಹೋಟೆಲಿನವಳು, "ಅವರ ಕ್ಯಾರವಾನು ಇಲ್ಲೇ ಇದೆ. ಹವಾ ಚೆನ್ನಾಗಿದೆಯಲ್ಲ, ಒಂದು ದಿನ ಜಾಸ್ತಿ ಉಳ್ಕೊಂಡಿರ್ತಾರೆ ಬಿಡಿ" ಎಂದಿದ್ದಳು. ಮಂಗಳವಾರ ಬೆಳಿಗ್ಗೆ ಮೇವಿಸ್‌ಗೆ ತಡೆಯಲಾಗಲಿಲ್ಲ. ಪೊಲೀಸ್ ಠಾಣೆಗೆ ಫೋನ್ ಮಾಡಿ, "ಸುಮ್ನೆ ತೊಂದರೆ ಕೊಡ್ತಿದ್ದೀನೇನೋ, ಕ್ಷಮಿಸಿ" ಎಂದೇ ಶುರುಮಾಡಿದಳು.

"ಅವರು ನಿಮಗೆ ಯಾವಾಗ ಫೋನ್ ಮಾಡ್ಬೇಕಿತ್ತು?" ಎಂದು ಪೊಲೀಸಿನವನು ಕೇಳಿದ.

"ಭಾನುವಾರ ಸಂಜೆ."

ಆ ಕಡೆ ಪೆನ್ನು ಹುಡುಕುವ ಸದ್ದು. ಆಮೇಲೆ ಮೆಲ್ಲಗೆ, "ಯಾವ ದಾರಿ ಅಂತ ಹೇಳಿದ್ರು?" ಎಂದ.

ಮೇವಿಸ್ ಎಲ್ಲವನ್ನೂ ಹೇಳಿದಳು. ದಾರಿ ಗೊತ್ತಿದ್ದುದರಿಂದ ವಿಮಾನ ನೇರ ಅಲ್ಲಿಗೇ ಹೋಯಿತು. ಮಧ್ಯಾಹ್ನದೊಳಗೆ ನೀಲಿ ಟಾರ್ಪಾಲು ಕಂಡಿತು. ಲೋರ್ನಾ ಗಂಡನ ಪಕ್ಕದಲ್ಲಿ ಕೂತಿದ್ದಳು. ಅವನ ಮುಖಕ್ಕೆ ನೊಣ ಕೂರದಂತೆ ತನ್ನ ಟೋಪಿ ಮುಚ್ಚಿದ್ದಳು.

ಸೋಮವಾರ ಬೆಳಿಗ್ಗೆ ಕೈಗೆ ಸಿಕ್ಕಿದ್ದರೆ ಬಹುಶಃ ಉಳಿಯುತ್ತಿದ್ದ ಎಂದು ಡಾಕ್ಟರು ಹೇಳಿದರು. ಬಹುಶಃ ಎಂದೇ ಹೇಳಿದರು. ಅದಕ್ಕಿಂತ ಹೆಚ್ಚು ಹೇಳುವ ಹಕ್ಕು ನಮಗೂ ಇಲ್ಲ.

ಅಂತ್ಯಕ್ರಿಯೆ ಮುಗಿದ ಮೇಲೆ ಅದೇ ಬೌಲ್ಸ್ ಕ್ಲಬ್ಬಿನಲ್ಲಿ ಚಹಾ, ಸ್ಯಾಂಡ್‌ವಿಚ್. ಯಾರೋ ಕೇಳಿಯೇಬಿಟ್ಟರು: "ಭಾನುವಾರಾನೇ ಯಾಕೆ ಫೋನ್ ಮಾಡ್ಲಿಲ್ಲ ಮೇವಿಸ್?"

"ಧೈರ್ಯ ಸಾಲಲಿಲ್ಲ," ಎಂದಳು ಮೇವಿಸ್. ಅಷ್ಟೇ. ಗ್ರಾಂಟ್ ಕಪ್ಪು ಹಿಡಿದು ಅಲ್ಲೇ ನಿಂತಿದ್ದ. ಅವನೂ ಬಾಯಿ ಬಿಡಲಿಲ್ಲ.

ಆಮೇಲೆ ಮೇವಿಸ್ ಕ್ಲಬ್ಬಿಗೆ ಬರುವುದನ್ನು ಬಿಟ್ಟಳು. ಲೋರ್ನಾಳಿಗೆಂದು ಬೇಲಿಯ ಕಂಬದ ಮೇಲೆ ಮೊಟ್ಟೆ ಇಟ್ಟು, ಕರೆಯದೇ ಒಳಗೆ ಹೋಗುತ್ತಿದ್ದಳು. ಲೋರ್ನಾಳಿಗೂ ಸಿಟ್ಟಿತ್ತು. ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಕೆಲವು ದಿನ ಮೊಟ್ಟೆ ಕಂಬದ ಮೇಲೆಯೇ ಉಳಿಯುತ್ತಿದ್ದವು.

ಈ ವರ್ಷ ಈಸ್ಟರ್ ಕಳೆಯಿತು. ನೆವಿಲ್‌ನ ಬೂದಿಯನ್ನು ಆ ದಿಬ್ಬದ ಬಳಿ ಬಿಟ್ಟು ಬರಬೇಕೆಂದು ಲೋರ್ನಾ ಹೊರಟಳು. ಗ್ರಾಂಟ್ ಗಾಡಿ ಓಡಿಸಲು ಬಂದ.

"ಬರೋ ಹೊತ್ತು ಮೇವಿಸ್‌ಗೆ ಹೇಳಿ ಬರ್ತೀನಿ," ಎಂದಳು ಲೋರ್ನಾ.

"ಯಾರಿಗೂ ಬೇಡಮ್ಮ. ಬೀಕನ್ ಇದೆಯಲ್ಲ."

"ಬೀಕನ್ ನಮ್ಮ ಹತ್ರಾನೂ ಇತ್ತು. ಕೊಕ್ಕೆಗೆ ನೇತಾಡ್ತಿತ್ತು."

"ಹೇಳೋದಾದ್ರೆ ಬೇರೆ ಯಾರಿಗಾದ್ರೂ ಹೇಳು. ಮೇವಿಸ್ ಆಂಟಿ ಮುಖ ನೋಡೋಕೆ ನನ್ ಕೈಲಾಗಲ್ಲ."

"ಅವಳು ಫೋನ್ ಮಾಡ್ಲಿಲ್ಲ ಅಂತ ತಾನೆ? ನಂಗೂ ಹೊಟ್ಟೆ ಉರೀತು ಕಣೋ. ಆದ್ರೆ ಅವಳ ಬಾಯಿ ಕಟ್ಟಿದ್ದು ನಾವೇ. ನಿಮ್ಮಪ್ಪಂಗೇ ಕೊನೇಲಿ ಅದು ಗೊತ್ತಾಯ್ತು."

ಗ್ರಾಂಟ್ ಗಾಡಿಯ ಕೀಲಿಯನ್ನು ಮೇಜಿನ ಮೇಲಿಟ್ಟ. "ಅವರು ಫೋನ್ ಮಾಡಿದ್ರಮ್ಮ. ಆ ಭಾನುವಾರಾನೇ ಮಾಡಿದ್ರು. ನಂಗೆ. ನಾನೇ ನಕ್ಕು, ಸೈರನ್ ಊದ್ಬೇಡಿ ಅಂದೆ."

ಲೋರ್ನಾ ಪಾತ್ರೆ ತೊಳೆಯುತ್ತಿದ್ದಳು. ನಲ್ಲಿ ನಿಲ್ಲಿಸಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಆಮೇಲೆ ಒದ್ದೆ ಕೈಯಲ್ಲೇ ಬೇಲಿ ದಾಟಿ ಮೇವಿಸ್‌ಳ ಬಾಗಿಲು ಬಡಿದಳು. ಗ್ರಾಂಟ್ ಹಿಂದೆಯೇ ಬಂದ.

"ಗ್ರಾಂಟ್ ಈಗ ಹೇಳ್ದ," ಎಂದಳು ಲೋರ್ನಾ. "ಇಷ್ಟು ದಿನ ನೀನ್ಯಾಕೆ ಹೇಳ್ಲಿಲ್ಲ?"

ಮೇವಿಸ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಅಪ್ಪನ್ನ ಕಳ್ಕೊಂಡಿರೋ ಹುಡುಗ. ಅದನ್ನೂ ಅವನ ತಲೆ ಮೇಲೆ ಯಾಕೆ ಹಾಕ್ಲಿ? ಫೋನ್ ನನ್ನ ಕೈಯಲ್ಲೇ ಇತ್ತಲ್ಲ ಲೋರ್ನಾ. ಪೊಲೀಸರ ನಂಬರೂ ಗೊತ್ತಿತ್ತು."

ಕೋಳಿಗಳು ಕಾಲ ಬಳಿ ಬಂದು ಕೆದಕಿ ಹೋದವು.

ಕೊನೆಗೆ ಗ್ರಾಂಟ್ ಹೇಳಿದ, "ಆಂಟಿ, ಭಾನುವಾರ ಕತ್ತಲಾಗೋದರೊಳಗೆ ಫೋನ್ ಮಾಡ್ತೀವಿ. ಮಾಡದೇ ಇದ್ರೆ ನೇರ ಪೊಲೀಸರಿಗೆ ಹೇಳಿ. ಯಾರನ್ನೂ ಕೇಳ್ಬೇಡಿ. ಯಾರ ಮಾತೂ ಕೇಳ್ಬೇಡಿ."

"ನಂಗೆ ಬೇಡಪ್ಪ ಈ ಕೆಲಸ."

"ನಮಗೆ ನೀವೇ ಬೇಕು."

ಆ ಭಾನುವಾರ ಮರಳುಗಾಡಿನಿಂದ ಬರುವಾಗ ಟಯರು ಸಿಡಿಯಿತು. ಬದಲಾಯಿಸುವುದು ತಡವಾಯಿತು. ಅಪಾಯವೇನೂ ಇರಲಿಲ್ಲ, ಬೀಕನ್ ಒತ್ತುವಂಥದ್ದಲ್ಲ. ಆದರೆ ಇಲ್ಲಿ ಕತ್ತಲಾಯಿತು. ಮೇವಿಸ್ ಫೋನ್ ಎತ್ತಿದಳು, ಈ ಸಲ ಕೆಳಗಿಡಲಿಲ್ಲ. ಪೊಲೀಸರು ಹೋಟೆಲಿಗೆ ವಿಚಾರಿಸುತ್ತಿರುವಾಗಲೇ ಹೋಟೆಲಿನವರಿಗೆ ಗ್ರಾಂಟ್‌ನ ಗಾಡಿಯ ದೀಪ ದೂರದಲ್ಲಿ ಕಂಡಿತು.

ಹೋಟೆಲಿನೊಳಗೆ ಕಾಲಿಡುತ್ತಿದ್ದಂತೆ ಬಿಯರ್ ಹಿಡಿದಿದ್ದ ಒಬ್ಬ, "ಏನಪ್ಪಾ, ಪೊಲೀಸರು ಹುಡುಕ್ತಿದ್ರು! ಏನು ಕದ್ದೆ?" ಎಂದ. ಒಂದಿಬ್ಬರು ನಕ್ಕರು.

"ಕಾಯೋರೊಬ್ರಿದ್ದಾರೆ ನಮಗೆ," ಎಂದ ಗ್ರಾಂಟ್. ನಗು ಅಲ್ಲಿಗೇ ನಿಂತಿತು.

ಅವನು ಊರಿಗೆ ಫೋನ್ ಹಚ್ಚಿದ. "ಆಂಟಿ, ಬಂದ್ವಿ."

"ಪೊಲೀಸರಿಗೆ ಹೇಳ್ಬಿಟ್ಟೆ ಗ್ರಾಂಟ್. ಅರ್ಧ ಗಂಟೇನೂ ಕಾಯ್ಲಿಲ್ಲ."

"ಒಳ್ಳೇದು ಮಾಡಿದ್ರಿ," ಎಂದ ಅವನು. ಫೋನನ್ನು ಅಮ್ಮನ ಕೈಗೆ ಕೊಟ್ಟ. ಲೋರ್ನಾ ಫೋನು ಕಿವಿಗೆ ಹಿಡಿದು ನಿಂತಳು. ಆ ಕಡೆ ಮೇವಿಸ್ ಅಳುತ್ತಿದ್ದಳು. ಈ ಕಡೆ ಇವಳೂ.

ಈಗ ಮೇವಿಸ್‌ಳ ಅಡುಗೆಮನೆಯಲ್ಲಿ ಫೋನಿನ ಪಕ್ಕದ ಮೊಳೆಗೆ ಕೆಂಪು ರಿಬ್ಬನ್ನಿನ ಸೀಟಿ ನೇತಾಡುತ್ತದೆ. ಡ್ರಾಯರಿನಿಂದ ತೆಗೆದು ಅಲ್ಲಿ ಹಾಕಿದವಳು ಲೋರ್ನಾ. ಈ ಊರಿನ ಎಷ್ಟೋ ಮಂದಿ ಹೊರಡುವ ಮುಂಚೆ ಅಲ್ಲಿಗೆ ಹೋಗಿ ಹೊತ್ತು ಹೇಳಿ ಬರುತ್ತಾರೆ. ಹಾಗೆಂದು ಮೇವಿಸ್ ನೆಮ್ಮದಿಯಾಗಿದ್ದಾಳೆಂದು ತಿಳಿಯಬೇಡಿ. ಭಾನುವಾರ ಸಂಜೆ ಅವಳು ಈಗಲೂ ಕುರ್ಚಿಯಲ್ಲಿ ಕೂರುವುದಿಲ್ಲ.

ಇದನ್ನು ಓದುತ್ತಿರುವವರೇ, ನೀವು ಒಳನಾಡಿಗೆ ಹೊರಟಿದ್ದರೆ ಯಾವ ದಾರಿ, ಯಾವ ಹೊತ್ತಿಗೆ ವಾಪಸ್ಸು ಎಂದು ಒಬ್ಬರಿಗಾದರೂ ಹೇಳಿ ಹೋಗಿ. ಬೀಕನ್ ಅನ್ನು ಕೊಕ್ಕೆಗೆ ಹಾಕಬೇಡಿ, ಸೊಂಟಕ್ಕೆ ಕಟ್ಟಿಕೊಳ್ಳಿ. ಗಂಡ ತಂದಿರಬಹುದು, ಹೆಂಡತಿ ತಂದಿರಬಹುದು ಎಂದುಕೊಳ್ಳದೆ ಬಾಯಿಬಿಟ್ಟು ಕೇಳಿ. ವಾಪಸ್ಸು ಬಂದ ಕೂಡಲೇ, ಬಿಯರಿಗೂ ಮುಂಚೆ, ಫೋನ್ ಮಾಡಿ. ಮರೆತಾಗ ಯಾರಾದರೂ ನಿಮಗಾಗಿ ಪೊಲೀಸರನ್ನು ಎಬ್ಬಿಸಿದರೆ ನಗಬೇಡಿ. ಅವರ ಮನೆಗೆ ಹೋಗಿ, ಒಳ್ಳೆಯದು ಮಾಡಿದಿರಿ ಎನ್ನಿ.

ನೀವು ಮನೆಯಲ್ಲಿ ಕಾಯುವವರಾಗಿದ್ದರೆ, ಹೇಳಿದ ಹೊತ್ತು ಮೀರಿದ ಮೇಲೆ ಯಾರ ಅಪ್ಪಣೆಗೂ ಕಾಯಬೇಡಿ. ಅವಮಾನವಾದೀತು ಎಂದು ಅನ್ನಿಸುತ್ತದೆ, ನಿಜ. ಆಗಲಿ. ಯಾರೋ ಮರಳಿನ ಮೇಲೆ ಮಲಗಿ, ನೀವು ಫೋನ್ ಮಾಡಿಯೇ ಮಾಡಿರುತ್ತೀರಿ ಎಂದು ನಂಬಿ, ಆಕಾಶಕ್ಕೆ ಕಿವಿಗೊಟ್ಟಿರಬಹುದು. ಫೋನ್ ಎತ್ತಿ.