ಮಾರ್ತೆಲ್ ಸಾಹೇಬರ ಶವದ ಮುಂದೆ ಬಾಯಿಗೆ ಬಂದ ಮಾತು

ನಾನು ಬ್ಲಾಂದಿನ್. ತೂರ್ ಪಟ್ಟಣದಲ್ಲಿ ಹದಿನಾಲ್ಕು ವರ್ಷದಿಂದ ಶವವಾಹನ ಓಡಿಸುತ್ತಿದ್ದೇನೆ. ನನ್ನ ಗಾಡಿ ಹತ್ತಿದವರು ಯಾರೂ ಇವತ್ತಿನವರೆಗೆ ದೂರು ಹೇಳಿಲ್ಲ. ಈ ಕಥೆ ನನ್ನದಲ್ಲ, ನನ್ನ ಜೊತೆ ಕೆಲಸ ಮಾಡುವ ಎಮೆರಿಕ್ ಕಸಲ್ಬೂನದು. ಆದರೆ ಅವನು ಹೇಳಿದರೆ ಜನ ಕಥೆ ಬಿಟ್ಟು ಅವನ ರಾಗ ಕೇಳುತ್ತಾ ಕೂರುತ್ತಾರೆ. ಅದಕ್ಕೇ ನಾನು ಹೇಳುತ್ತಿದ್ದೇನೆ.

ಎಮೆರಿಕ್ ದಕ್ಷಿಣದವನು, ಪಿರೆನೀ ಬೆಟ್ಟಗಳ ಬುಡದ ಪಾಮಿಯೇ ಊರಿನವನು. ಹೆಂಡತಿಗೆ ಇಲ್ಲಿಗೆ ವರ್ಗವಾಯಿತು ಅಂತ ಬಂದ. ಅಲ್ಲಿ ಹದಿನೆಂಟು ವರ್ಷ ಅಂತ್ಯಕ್ರಿಯೆಯ ಸೂತ್ರಧಾರನಾಗಿದ್ದವನು. ಯಾವಾಗ ಎದ್ದು ನಿಲ್ಲಬೇಕು, ಯಾರು ಮೊದಲು ಹೂವಿಡಬೇಕು ಎಂದು ಹೇಳುವವನು, ಸತ್ತವರ ಬಗ್ಗೆ ನಾಲ್ಕು ಮಾತು ಓದುವವನು ಅವನೇ. ಆರಡಿ ಎತ್ತರ, ಕಪ್ಪು ಸೂಟು, ಮುಖದಲ್ಲಿ ಸಾಕ್ಷಾತ್ ದುಃಖವೇ ಮನೆ ಮಾಡಿದಂತಿತ್ತು. ನಮ್ಮ ಯಜಮಾನಿ ಮದಾಮ್ ರಬುಸೋ ಅವನನ್ನು ನೋಡಿದ ತಕ್ಷಣ ಕೆಲಸ ಕೊಟ್ಟರು. ಬಾಯಿ ಬಿಡಿಸಿ ನೋಡಿರಲಿಲ್ಲ. ಅದೇ ತಪ್ಪಾಗಿದ್ದು.

ಮೊದಲ ದಿನ ಒಬ್ಬ ಔಷಧಿ ಅಂಗಡಿಯವರ ಅಂತ್ಯಕ್ರಿಯೆ. ಸಭೆ ಬಿಕ್ಕುತ್ತಿತ್ತು. ಎಮೆರಿಕ್ ಮುಂದೆ ಬಂದು, ತಲೆಬಾಗಿ, ಬಾಯಿ ತೆರೆದ. ನಾವು ಮೂಗಿನಲ್ಲೇ ಮುಗಿಸಿಬಿಡುವ ಒಂದೊಂದು ಪದದ ಬಾಲಕ್ಕೂ ಅವನು 'ಂಗ್' ಅಂತ ಗಂಟೆ ಕಟ್ಟಿದ. ರೊಟ್ಟಿಗೆ ನಾವು 'ಪ್ಯಾಂ' ಅಂದರೆ ಅವನದು 'ಪೆಂಗ್'. ನಾಳೆಗೆ ನಮ್ಮದು 'ದ್ಮ್ಯಾಂ', ಅವನದು 'ದೆಮೆಂಗ್'. ನಾವು ನುಂಗುವ ಅಕ್ಷರಗಳನ್ನೆಲ್ಲ ಅವನು ಒಂದೊಂದಾಗಿ ಹೊರಗೆ ಕರೆದು ಕುರ್ಚಿ ಹಾಕಿ ಕೂರಿಸಿದ. ಎರಡನೇ ಸಾಲಿನಲ್ಲಿ ಒಬ್ಬರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆ ಅಂದುಕೊಂಡೆ. ಅಳುತ್ತಿರಲಿಲ್ಲ.

ಕಾರ್ಯ ಮುಗಿದ ಮೇಲೆ ಸತ್ತವರ ಅತ್ತಿಗೆ ಕಣ್ಣೊರೆಸಿಕೊಂಡು ಅವನ ಕೈ ಹಿಡಿದರು.

"ಮೆಸ್ಯೂ, ನಿಮ್ಮದು ಯಾವೂರು? ನೀವು ಮಾತಾಡ್ತಿದ್ರೆ ಸಮುದ್ರದ ದಂಡೆ ಮೇಲೆ ಚಾಪೆ ಹಾಸ್ಕೊಂಡು ಮಲಗಿದ ಹಾಗಾಯ್ತು ನೋಡಿ!"

"ನಮ್ಮೂರಲ್ಲಿ ಸಮುದ್ರ ಇಲ್ಲ ಮದಾಮ್."

"ಹೌದಾ? ಮಾತಲ್ಲಿ ಇದೆಯಲ್ಲ!"

ಹೀಗೇ ನಡೆಯಿತು ಎರಡು ತಿಂಗಳು. ಒಬ್ಬರು ಶವಪೆಟ್ಟಿಗೆಯ ಪಕ್ಕದಲ್ಲೇ ನಿಂತು, ದಕ್ಷಿಣದವರೆಲ್ಲ ಆಡುವ ರಗ್ಬಿ ನೀವೂ ಆಡುತ್ತಿದ್ದಿರಾ ಎಂದು ಕೇಳಿದರು. ಇನ್ನೊಬ್ಬರು ಆ ಕಡೆಯವರು ಬಾತುಕೋಳಿ ಹಾಕಿ ಬಿಳಿ ಬೀನ್ಸ್ ಕಾಳು ಬೇಯಿಸುವ ಬಗೆ ಕೇಳಿದರು. ಒಬ್ಬ ಅಳಿಯನಂತೂ ಮಾವನ ಚಿತಾಭಸ್ಮ ಕೈಯಲ್ಲಿ ಹಿಡಿದುಕೊಂಡೇ, "ಇನ್ನೊಂದ್ಸಲ 'ನಾಳೆ' ಅನ್ನಿ, ನಮ್ಮ ಮಗಳಿಗೆ ಕೇಳಿಸ್ಬೇಕು," ಎಂದು ಫೋನು ಮುಂದೆ ಹಿಡಿದ.

ಮದಾಮ್ ರಬುಸೋ ಅವನನ್ನು ಕರೆಸಿದರು. ನಾನು ಅಲ್ಲೇ ಗಾಡಿಯ ಬೀಗದ ಕೈ ಹುಡುಕುವ ನೆಪದಲ್ಲಿದ್ದೆ.

"ನೋಡು ಕಸಲ್ಬೂ, ನೀನು ಒಳ್ಳೆಯವನು. ಆದ್ರೆ ಜನ ನಮ್ಮಲ್ಲಿಗೆ ಅಳೋಕೆ ಬರ್ತಾರೆ. ನಿನ್ನ ರಾಗ ಸ್ವಲ್ಪ ಬಿಡೋಕಾಗಲ್ವಾ?"

"ರಾಗ ನಂಗೊಬ್ಬನಿಗೇ ಇದೆಯಾ ಮದಾಮ್? ನಿಮಗಿಲ್ವಾ?"

"ನಮಗಾ?" ಮದಾಮ್ ಎದೆ ಮುಟ್ಟಿಕೊಂಡರು. "ನಾವು ತೂರ್‌ನವರು ಕಣಯ್ಯ! ನಮ್ಮ ಮಾತಿಗೆ ರಾಗವೇ ಇಲ್ಲ. ಇಡೀ ದೇಶಕ್ಕೇ ಗೊತ್ತು."

"ನೀವು ಬರೆದಿರೋದ್ರಲ್ಲಿ ಅರ್ಧ ನುಂಗ್ತೀರಿ. ನಾವು ಬರೆದ ಅಕ್ಷರಕ್ಕೆಲ್ಲ ಮರ್ಯಾದೆ ಕೊಡ್ತೀವಿ. ತಪ್ಪು ಯಾರದು?"

"ತಪ್ಪು ಯಾರದಾದ್ರೂ ಆಗ್ಲಿ, ನಗು ನಿನ್ನ ಸಭೇಲಿ ಬರ್ತಿದೆ," ಎಂದರು ಮದಾಮ್.

ಅವನನ್ನು ಗಾಸ್ತಿನೆಲ್ ಎಂಬ ನಿವೃತ್ತ ನಾಟಕದ ನಟನ ಹತ್ತಿರ ಪಾಠಕ್ಕೆ ಕಳಿಸಿದರು. ನಾನೇ ಬಿಟ್ಟು ಬರುತ್ತಿದ್ದೆ, ಶವವಾಹನದಲ್ಲೇ. ಬೀದಿಯವರು ಪ್ರತಿ ಮಂಗಳವಾರ ಗಾಸ್ತಿನೆಲ್ ಸತ್ತರು ಅಂತ ಕಿಟಕಿಗೆ ಬರುತ್ತಿದ್ದರು, ಅವರು ಬಾಗಿಲು ತೆರೆದ ಕೂಡಲೇ ನಿರಾಸೆಯಿಂದ ಒಳಗೆ ಹೋಗುತ್ತಿದ್ದರು.

ಗಾಸ್ತಿನೆಲ್ ಅವನ ಹಲ್ಲಿನ ನಡುವೆ ಬಾಟಲಿಯ ಬಿರಡೆ ಇಟ್ಟು, ಒಂದು ಗುಲಾಬಿ ಹೂವು ಮುಂದೆ ಹಿಡಿದರು.

"ಇದೇನು?"

"ರಾಜ಼ಅ."

"ಅಲ್ಲ! ತುಟಿ ಸಣ್ಣ ಮಾಡು. ಕೋಳಿಯ ಹಿಂಭಾಗ ನೋಡಿದೀಯಾ? ಹಾಗೆ. ರೋಜ಼್."

"ರೋ... ರೋ... ರಾಜ಼ಅ."

ಏಳು ವಾರದ ಮೇಲೆ ಎಮೆರಿಕ್ ನಮ್ಮಂತೆಯೇ ಮಾತಾಡಿದ. ಅಂದರೆ, ಮೂಗಿಗೆ ಬಟ್ಟೆ ಕ್ಲಿಪ್ಪು ಹಾಕಿಸಿಕೊಂಡ ಪಾದ್ರಿಯ ಹಾಗೆ. ಅವನ ಹೆಂಡತಿ ಫೋನಿನಲ್ಲಿ ದನಿ ಕೇಳಿ, ಯಾರೋ ವಿಮೆ ಮಾರುವವನು ಅಂತ ಎರಡು ಸಲ ಇಟ್ಟುಬಿಟ್ಟಳಂತೆ. ಅವನು ನಗುತ್ತಲೇ ಹೇಳಿದ, ಆದರೆ ಆ ದಿನ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಲಿಲ್ಲ. ಮೊದಲೆಲ್ಲ ಗಾಡಿಯಲ್ಲಿ ಬಾಯಿ ಮುಚ್ಚದವನು ಈಗ ಮಾತಾಡುವುದೇ ಕಡಿಮೆಯಾಗಿತ್ತು. ಒಂದೊಂದು ವಾಕ್ಯಕ್ಕೂ ಮೊದಲು ತುಟಿ ಸಣ್ಣ ಮಾಡಿ ಸಿದ್ಧವಾಗಬೇಕಲ್ಲ. ಅಷ್ಟು ಕಷ್ಟಪಟ್ಟು ಹವಾಮಾನದ ಬಗ್ಗೆ ಯಾರು ಮಾತಾಡುತ್ತಾರೆ?

ಅಷ್ಟರಲ್ಲಿ ಅನ್ಸೆಲ್ಮ್ ಮಾರ್ತೆಲ್ ತೀರಿಕೊಂಡರು.

ಮಾರ್ತೆಲ್ ಸಾಹೇಬರು ನಿವೃತ್ತ ಶಾಲಾ ಇನ್‌ಸ್ಪೆಕ್ಟರು. ತೂರ್ ಸುತ್ತಲ ನಲವತ್ತು ದಾಟಿದವರ ನಾಲಿಗೆಯನ್ನೆಲ್ಲ ತಿದ್ದಿದವರು ಅವರೇ. ನಾನು ಎಂಟು ವರ್ಷದವಳಿದ್ದಾಗ ತರಗತಿಗೆ ಬಂದು, ನನ್ನ ಅಜ್ಜಿಯ ಹಳ್ಳಿಯ ಮಾತು ನನ್ನ ಬಾಯಲ್ಲಿ ಕೇಳಿ, 'ಹಾಲು' ಎಂಬ ಒಂದೇ ಪದವನ್ನು ಇಪ್ಪತ್ತು ಸಲ ಹೇಳಿಸಿದ್ದರು. ಆಮೇಲೆ ನಾನು ವರ್ಷವಿಡೀ ಹಾಲು ಕುಡಿಯಲಿಲ್ಲ. ಫ್ರೆಂಚ್ ಭಾಷೆಯ ಶುದ್ಧ ಅಚ್ಚು ಅಂದರೆ ಅವರು ಎಂದು ಊರು ಹೇಳುತ್ತಿತ್ತು. ಅಂಥವರ ಅಂತ್ಯಕ್ರಿಯೆ ಅಂದಾಗ ಮದಾಮ್ ರಬುಸೋ ಎಮೆರಿಕ್‌ಗೆ ಬೆರಳು ತೋರಿಸಿ ಹೇಳಿದರು: "ಒಂದೇ ಒಂದು 'ಂಗ್' ಬಂದ್ರೂ ನಿನ್ನನ್ನ ಅವರ ಜೊತೆಗೇ ಕಳಿಸ್ತೀನಿ."

ಸಭಾಂಗಣ ತುಂಬಿತ್ತು. ಎಲ್ಲ ನಿವೃತ್ತ ಮೇಷ್ಟ್ರುಗಳು. ಮೊದಲ ಸಾಲಿನಲ್ಲಿ ಮದಾಮ್ ಮಾರ್ತೆಲ್, ಎಂಬತ್ತೊಂದು ವರ್ಷ, ಸೂಜಿಯಂತೆ ನೆಟ್ಟಗೆ ಕೂತಿದ್ದರು. ಕಟ್ಟಕಡೆಯ ಬೆಂಚಿನಲ್ಲಿ ಕಪ್ಪು ಟೋಪಿಯ ದಪ್ಪ ಮುದುಕಿಯೊಬ್ಬಳು ಒಂಟಿಯಾಗಿ ಕೂತಿದ್ದಳು. ಯಾರಿಗೂ ಪರಿಚಯವಿದ್ದಂತಿರಲಿಲ್ಲ. ಎಮೆರಿಕ್ ತುಟಿ ಸಣ್ಣ ಮಾಡಿ ಶುರು ಮಾಡಿದ. ಒಂದು ವಾಕ್ಯ, ಎರಡು, ಐದು. ಒಂದು ಗಂಟೆಯೂ ಬಾರಿಸಲಿಲ್ಲ. ಮೇಷ್ಟ್ರುಗಳು ತಲೆದೂಗಿದರು. ಗೋಡೆ ಪಕ್ಕ ನಿಂತಿದ್ದ ಮದಾಮ್ ರಬುಸೋ ಉಸಿರು ಬಿಟ್ಟರು.

ಆಗ ನಿವೃತ್ತ ಶಿಕ್ಷಕರ ಸಂಘದವರು ತಂದಿದ್ದ ಗ್ರಾನೈಟ್ ಫಲಕ, ತೆರೆದ ಪುಸ್ತಕದ ಆಕಾರದ್ದು, ಹದಿಮೂರು ಕಿಲೋ ತೂಕದ್ದು, ಸ್ಟ್ಯಾಂಡಿನಿಂದ ಮೆಲ್ಲಗೆ ಜಾರಿ ಎಮೆರಿಕ್‌ನ ಎಡಗಾಲಿನ ಹೆಬ್ಬೆರಳಿನ ಮೇಲೆ ಕೂತಿತು.

"ಬೂದೂ, ಕೋಂಗ್!" ಎಂದು ಎಮೆರಿಕ್ ಕೂಗಿದ ಹೊಡೆತಕ್ಕೆ ಗಾಜಿನ ಕಿಟಕಿಗಳು ಅದುರಿದವು.

ಮೊದಲ ಪದ ಬರೀ 'ದೇವರೇ'. ತೊಂದರೆ ಎರಡನೆಯದರದು. ದಕ್ಷಿಣದಲ್ಲಿ ಅದು ಪೂರ್ಣವಿರಾಮವಿದ್ದಂತೆ. ಬ್ರೆಡ್ ಕೊಳ್ಳುವಾಗ, ಮಗುವಿಗೆ ಮುತ್ತಿಡುವಾಗ, ಯಾವಾಗ ಬೇಕಾದರೂ ವಾಕ್ಯದ ಕೊನೆಗೆ ಅಂಟಿಸುತ್ತಾರೆ. ನಮ್ಮ ಕಡೆ ಅದು ಅಪ್ಪಟ ಬೈಗುಳ. ಅದೂ ಅವನು ನೋವಿಗೆ ಬಗ್ಗಿದ್ದರಿಂದ, ಶವಪೆಟ್ಟಿಗೆಯೊಳಗಿನವರಿಗೇ ಮುಖಾಮುಖಿ ಹೇಳಿದಂತಾಯಿತು.

ಮದಾಮ್ ರಬುಸೋ ಗೋಡೆಯೊಳಗೆ ಸೇರಿಕೊಳ್ಳಲು ನೋಡುತ್ತಿದ್ದರು. ಆಗ ಕಟ್ಟಕಡೆಯ ಬೆಂಚಿನಿಂದ, ಎಮೆರಿಕ್‌ನದಕ್ಕಿಂತ ದೊಡ್ಡ ಗಂಟೆ ಬಾರಿಸಿತು:

"ಅಬ್ಬಾ! ಅಂತೂ ಒಬ್ಬ ಮನುಷ್ಯರ ಹಾಗೆ ಮಾತಾಡಿದನಪ್ಪ! ನಾನು ಸರಿಯಾದ ಸಾವಿಗೆ ಬಂದೀನೋ ಇಲ್ವೋ ಅಂತ ಆಗಿಂದ ಯೋಚಿಸ್ತಿದ್ದೆ!"

ಕಪ್ಪು ಟೋಪಿಯ ಮುದುಕಿ ಎದ್ದು, ಬೆಂಚುಗಳನ್ನು ಹಿಡಿದುಕೊಂಡು ಮುಂದೆ ಬಂದಳು.

"ಯಾರಮ್ಮಾ ನೀವು?" ಎಂದರು ಸಂಘದ ಅಧ್ಯಕ್ಷರು.

"ನಾನಾ? ನಾನು ಇವನ ಅಕ್ಕ, ಫೋಂಸಿನ್. ಫುವಾ ಊರಿಂದ ಎರಡು ರೈಲು ಹತ್ತಿ ಬಂದಿದೀನಿ." ಪೆಟ್ಟಿಗೆಯ ಮೇಲೆ ಪಟಪಟನೆ ತಟ್ಟಿದಳು. "ಕುರಿ ಕಾಯ್ತಿದ್ದವನು, ನೋಡಿ ಎಷ್ಟು ಚೆಂದದ ಪೆಟ್ಟಿಗೆಯಲ್ಲಿ ಮಲಗಿದಾನೆ!"

ಫುವಾ ಅಂದರೆ ಎಮೆರಿಕ್‌ನ ಊರಿನಿಂದ ಅರ್ಧ ಗಂಟೆ ದಾರಿ. ಮಾರ್ತೆಲ್ ಸಾಹೇಬರು ಪಕ್ಕದ ಬ್ಲುವಾ ಪಟ್ಟಣದವರೆಂದು ಅರವತ್ತು ವರ್ಷದಿಂದ ನಂಬಿದ್ದ ಮೇಷ್ಟ್ರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಂತರ ಎಲ್ಲರೂ ವಿಧವೆಯ ಕಡೆ ತಿರುಗಿದರು.

ಮದಾಮ್ ಮಾರ್ತೆಲ್ ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದರು. ಭುಜ ಅಲುಗುತ್ತಿತ್ತು. ಈ ಸಲ ನಾನು ಮೋಸಹೋಗಲಿಲ್ಲ. ಆಯಮ್ಮ ನಗುತ್ತಿದ್ದರು.

"ಕ್ಷಮಿಸಿ," ಎಂದರು, ಉಸಿರು ಸಿಕ್ಕಿದ ಮೇಲೆ. "ಶನಿವಾರ ರಗ್ಬಿ ಬಂತಂದ್ರೆ ಅನ್ಸೆಲ್ಮ್ ಮನೆ ಕಿಟಕಿ ಎಲ್ಲ ಹಾಕ್ತಿದ್ದ. ಸೆಕೆಗಾಲದಲ್ಲೂ. ಆಮೇಲೆ ಟೀವಿ ಮುಂದೆ ಕೂತು ಎಂಬತ್ತು ನಿಮಿಷ ಇದೇ ಮಾತು, ಇದೇ ರಾಗ. ಹೊರಗೆ ಬಂದ್ರೆ ಮತ್ತೆ ಶುದ್ಧ. ಹತ್ತೊಂಬತ್ತರಲ್ಲಿ ಮೇಷ್ಟ್ರ ಟ್ರೇನಿಂಗಿಗೆ ಇಲ್ಲಿಗೆ ಬಂದಾಗ ಓದಿದ ಮೊದಲನೇ ಸಾಲಿಗೇ ತರಗತಿ ಪೂರ್ತಿ ನಕ್ಕಿತಂತೆ. ಅವತ್ತಿಂದ ಬಚ್ಚಿಟ್ಟ." ಎಮೆರಿಕ್‌ನ ಕಡೆ ನೋಡಿದರು. "ಇನ್ನೊಂದ್ಸಲ ಮೊದಲಿಂದ ಓದ್ತೀರಾ ಮೆಸ್ಯೂ? ನಿಮ್ಮ ಬಾಯಲ್ಲಿ. ಆ ಹಾಳು ತುಟಿ ಸಣ್ಣ ಮಾಡ್ಬೇಡಿ."

ಎಮೆರಿಕ್ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತು ಮೊದಲಿಂದ ಓದಿದ. ಗಂಟೆಗಳೆಲ್ಲ ವಾಪಸ್ಸು ಬಂದವು. ಒಂದಿಬ್ಬರು ಮೊದಲು ನಕ್ಕರು, ನಿಜ. ಆದರೆ ಅವನು ಸುಮ್ಮನೆ ಓದುತ್ತಾ ಹೋದ, ಬೆಟ್ಟ ಇಳಿಯುವ ಕುರಿಹಿಂಡಿನ ಹಾಗೆ, ಅವಸರವಿಲ್ಲದೆ. ಎಂಟನೇ ವಾಕ್ಯಕ್ಕೆ ಬರುವಷ್ಟರಲ್ಲಿ ಸಂಘದ ಅಧ್ಯಕ್ಷರು ಮೂಗು ಸೀಟುತ್ತಿದ್ದರು. ಇಪ್ಪತ್ತು ಸಲ ಹಾಲು ಅನ್ನಿಸಿದ ಮನುಷ್ಯನ ಮೇಲೆ ನಲವತ್ತು ವರ್ಷದಿಂದ ಸಿಟ್ಟು ಇಟ್ಟುಕೊಂಡಿದ್ದೆ. ಕಿಟಕಿ ಹಾಕಿಕೊಂಡು ಕೂತವನ ಮೇಲೆ ಎಷ್ಟು ಅಂತ ಸಿಟ್ಟು ಮಾಡೋದು? ಅರ್ಧ ಇಳಿಸಿದೆ. ಇನ್ನರ್ಧ ಇದೆ.

ಸ್ಮಶಾನದಿಂದ ಬಂದ ಮೇಲೆ ಊಟವಿತ್ತು. ಹಂದಿಮಾಂಸದ ರಿಯೆತ್ ಸವರಿದ ಬಿಸಿ ರೊಟ್ಟಿ, ಮೇಕೆ ಹಾಲಿನ ಚೀಸು, ನಮ್ಮ ವೂವ್ರೇ ವೈನು. ಫೋಂಸಿನ್ ಅಜ್ಜಿಯೂ ಎಮೆರಿಕ್ಕೂ ಒಂದು ಮೂಲೆ ಹಿಡಿದು ಕೂತರು. ಅಜ್ಜಿ ಅವನ ಹೆಬ್ಬೆರಳಿಗೆ ಐಸಿನ ಚೂರು ಕಟ್ಟಿ, ನಡುನಡುವೆ ಅವನ ಕೆನ್ನೆ ಹಿಂಡುತ್ತಿದ್ದಳು. ಇಬ್ಬರೂ ಮಾತಾಡಿದ್ದು ನನಗೆ ಕಾಲು ಭಾಗವೂ ತಿಳಿಯಲಿಲ್ಲ. ವಾಕ್ಯಗಳು ಎಲ್ಲಿ ಮುಗಿಯುತ್ತವೆ ಎಂಬುದು ಮಾತ್ರ ಸ್ಪಷ್ಟವಾಗಿ ತಿಳಿಯುತ್ತಿತ್ತು.

ಸುದ್ದಿ ಊರೆಲ್ಲ ಹಬ್ಬಿತು. ಮದಾಮ್ ರಬುಸೋ ವ್ಯವಹಾರ ಬಲ್ಲವರು. ಹದಿನೈದು ದಿನದಲ್ಲಿ ನಮ್ಮ ಅರ್ಜಿ ನಮೂನೆಯಲ್ಲಿ ಹೂವು, ಸಂಗೀತದ ಕೆಳಗೆ ಹೊಸ ಸಾಲು ಅಚ್ಚಾಯಿತು: 'ಸೂತ್ರಧಾರರ ದನಿ: ಸಾಮಾನ್ಯ / ಬಿಸಿಲಿನ ದಕ್ಷಿಣದ್ದು.'

ಎಮೆರಿಕ್ ಆ ಹಾಳೆ ಹಿಡಿದುಕೊಂಡು ಒಳಗೆ ಹೋದ. ಈ ಸಲ ನಾನು ನೆಪ ಹುಡುಕಲಿಲ್ಲ, ನೇರ ಬಾಗಿಲಿಗೇ ಕಿವಿಗೊಟ್ಟೆ.

"ಮದಾಮ್, ನಾನೇನು ಐಸ್‌ಕ್ರೀಮಾ, ಯಾವ ರುಚಿ ಅಂತ ಆರಿಸೋಕೆ?"

"ಜನ ಇಷ್ಟಪಡ್ತಾರೆ ಕಣಯ್ಯ! ಹೊಗಳಿಕೆ ಅದು!"

"ಮೊದಲು ನಕ್ಕು ಬೇಡ ಅಂದ್ರಿ, ಈಗ ನಕ್ಕು ಬೇಕು ಅಂತೀರಿ. ನಂಗೆ ಎರಡೂ ಒಂದೇ. ಈ ಸಾಲು ಹೋಗ್ಬೇಕು, ಇಲ್ಲಾಂದ್ರೆ ನಾನು ಹೋಗ್ತೀನಿ."

"ಐನೂರು ಹಾಳೆ ಅಚ್ಚಾಗಿದೆ!"

"ಹಿಂದುಗಡೆ ದಿನಸಿ ಪಟ್ಟಿ ಬರ್ಕೊಳ್ಳಿ."

ಸಾಲು ಹೋಯಿತು. ಆ ಹಾಳೆಗಳ ಬೆನ್ನ ಮೇಲೆ ನಾವು ಇವತ್ತಿಗೂ ಕಾಫಿಪುಡಿ, ಸಕ್ಕರೆ ಅಂತ ಬರೆಯುತ್ತಿದ್ದೇವೆ. ಎಮೆರಿಕ್ ಊಟದ ಡಬ್ಬಿ ಮತ್ತೆ ಬಿಚ್ಚುತ್ತಾನೆ, ಗಾಡಿಯಲ್ಲಿ ಮತ್ತೆ ಬಾಯಿ ಮುಚ್ಚುವುದಿಲ್ಲ. ಹಿಂದೆ ಮಲಗಿದವರು ಪುಣ್ಯವಂತರು, ನನಗಂತೂ ಅವನ ಮಾತಿನ ಭರದಲ್ಲಿ ಎರಡು ಸಲ ಸ್ಮಶಾನದ ತಿರುವು ತಪ್ಪಿದೆ.

ಮದಾಮ್ ಮಾರ್ತೆಲ್ ಬೇಸಿಗೆಯಲ್ಲಿ ಒಬ್ಬರೇ ರೈಲು ಹತ್ತಿ ಫುವಾಕ್ಕೆ, ಫೋಂಸಿನ್ ಅಜ್ಜಿಯ ಮನೆಗೆ ಹೋದರು. ಮದುವೆಯಾಗಿ ಐವತ್ತೆರಡು ವರ್ಷದಲ್ಲಿ ಅದೇ ಮೊದಲ ಸಲವಂತೆ. ಒಂದು ವಾರಕ್ಕೆಂದು ಹೋದವರು ಸೆಪ್ಟೆಂಬರ್ ಆದರೂ ಬರಲಿಲ್ಲ. ಕಚೇರಿಗೊಂದು ಕಾರ್ಡು ಬಂತು. ಇಲ್ಲಿ ಸಂತೆಯಲ್ಲಿ ನನ್ನ ಮಾತು ಯಾರಿಗೂ ಅರ್ಥವಾಗುವುದಿಲ್ಲ, ಬೆರಳು ತೋರಿಸಿ ತರಕಾರಿ ಕೊಳ್ಳುತ್ತೇನೆ, ಮಕ್ಕಳು ನನ್ನ ಹಿಂದೆ ಮೂಗು ಹಿಡಿದುಕೊಂಡು ನಾನು ಹೇಳಿದ್ದನ್ನೇ ಹೇಳುತ್ತಾ ಬರುತ್ತವೆ, ಮೂರು ಕಿಲೋ ದಪ್ಪಗಾಗಿದ್ದೇನೆ, ಮನೆಯ ಕಿಟಕಿಗಳು ಹಳೆಯವು, ಹಾಕಿದರೂ ಕೂರುವುದಿಲ್ಲ ಎಂದು ಬರೆದಿದ್ದರು. ಕೆಳಗೆ ಫೋಂಸಿನ್ ಅಜ್ಜಿ ತನ್ನ ಕೈಯಲ್ಲೇ ಬರೆದು ಎಮೆರಿಕ್‌ನ ಹೆಬ್ಬೆರಳು ಹೇಗಿದೆ ಎಂದು ವಿಚಾರಿಸಿದ್ದಳು.